ಸಿ ಗುಂಪಿಗೆ ತ್ರಿಕೋನಮಿತಿ

ಮಂಡ್ಯದ ಗುತ್ತಲಿನ ಶಮೀಮ್ ಬಾನು ಹನ್ನೊಂದು ವರ್ಷ ಅತಿಥಿ ಶಿಕ್ಷಕಿಯಾಗಿದ್ದರು. ಮನೆಗೆ ಅತಿಥಿ ಬಂದರೆ ಕೂರಿಸಿ ಉಪಚಾರ ಮಾಡುತ್ತಾರೆ. ಸರ್ಕಾರಿ ಶಾಲೆಯ ಅತಿಥಿಯನ್ನು ಮುಂಗಾರು ಶುರುವಾದಾಗ ಕರೆದು, ಬಿಸಿಲು ಏರುವ ಹೊತ್ತಿಗೆ ಕಳಿಸಿಬಿಡುತ್ತಾರೆ. ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ಫೋನ್ ಬಂದಾಗಲೇ ಗೊತ್ತಾಗುವುದು. ಶಮೀಮ್ ಗಣಿತದಲ್ಲಿ ಬಿ.ಎಸ್ಸಿ. ಮಾಡಿ ಬಿ.ಎಡ್. ಮುಗಿಸಿದ್ದರು. ಕಾಯಂ ಹುದ್ದೆಯ ಪರೀಕ್ಷೆಯನ್ನು ಎರಡು ಸಲ ಬರೆದರು. ಮೊದಲ ಸಲ ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸಲ ನೇಮಕಾತಿಯೇ ಕೋರ್ಟಿಗೆ ಹೋಗಿ ಅಲ್ಲೇ ಕೊಳೆಯಿತು. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತ್ತು.

ಗಂಡ ಜಕೀವುಲ್ಲಾ ಮಂಡ್ಯದಲ್ಲಿ ಆಟೋಗಳಿಗೂ ಬಸ್ಸುಗಳಿಗೂ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಮಗಳು ತೂಬಾ ಏಳನೇ ತರಗತಿ. ಬೆಳಿಗ್ಗೆ ಇಬ್ಬರಿಗೂ ಡಬ್ಬಿ ಕಟ್ಟಿಟ್ಟು ಶಮೀಮ್ ಪ್ಯಾಸೆಂಜರ್ ರೈಲು ಹತ್ತುತ್ತಿದ್ದರು. ಹನಕೆರೆಯಲ್ಲಿ ಹಾಲಿನ ಕ್ಯಾನಿನವರು, ಗಾರ್ಮೆಂಟ್ಸಿನ ಹೆಂಗಸರು ನುಗ್ಗುವಷ್ಟರಲ್ಲಿ ಸೀಟು ಹಿಡಿದಿರಬೇಕು. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಕಡೆಯ ಖಾಸಗಿ ಬಸ್ಸು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಆ ಬಸ್ಸು ಅವರನ್ನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಒಂದು ಹಳ್ಳಿಯ ಶಾಲೆಯ ಮುಂದೆ ಇಳಿಸುತ್ತಿತ್ತು. ಕಾಯಂ ಮೇಷ್ಟ್ರುಗಳು ಮಂಡ್ಯದಿಂದಲೇ ಕಾರಿನಲ್ಲಿ ನಾಲ್ಕು ಜನ ಸೇರಿ ಬರುತ್ತಿದ್ದರು. ಅದರಲ್ಲಿ ಐದನೆಯ ಜಾಗ ಇರುತ್ತಿತ್ತು. ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಇವರೂ ಕೇಳಿರಲಿಲ್ಲ.

ಆ ಹಳ್ಳಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಕೆಂಪಸಿದ್ದಯ್ಯ. ಕೆಟ್ಟ ಮನುಷ್ಯರಲ್ಲ. ಮಕ್ಕಳ ಬಿಸಿಯೂಟದ ಸಾರನ್ನು ದಿನವೂ ಮೊದಲು ತಾವೇ ರುಚಿ ನೋಡುತ್ತಿದ್ದರು. ಆದರೆ ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಮತ್ತು ಅವರ ಶಾಲೆ ಒಮ್ಮೆಯೂ ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಕಂಡಿರಲಿಲ್ಲ. ಹಿಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ ಮೇಲೆ ಫಲಿತಾಂಶ ಇನ್ನೂ ಕುಸಿದು, ತಾಲ್ಲೂಕಿನ ಸಭೆಯಲ್ಲಿ ಅವರನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿ ಕಾರಣ ಕೇಳಿದ್ದರು. ಆ ನಿಂತ ನೋವು ಅವರಲ್ಲಿ ಉಳಿದಿತ್ತು.

ಹಾಗಾಗಿ ಈ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ಅವರು ಹತ್ತನೇ ತರಗತಿಯನ್ನು ಮೂರು ಗುಂಪು ಮಾಡಿದರು. ಎ ಗುಂಪಿನವರು ಹೇಗಾದರೂ ಓದುತ್ತಾರೆ. ಬಿ ಗುಂಪಿನವರನ್ನು ತಳ್ಳಿದರೆ ಓದುತ್ತಾರೆ. ಸಿ ಗುಂಪಿನವರು ಪಾಸಾದರೆ ಸಾಕು. ಸಿ ಗುಂಪಿಗೆಂದೇ 'ಪಾಸಿಂಗ್ ಪ್ಯಾಕೇಜ್' ಇತ್ತು. ಪ್ರತಿ ವರ್ಷ ತಪ್ಪದೆ ಬರುವ ಒಂದಷ್ಟು ಪ್ರಶ್ನೆ: ಒಂದು ಗ್ರಾಫು, ಥೇಲ್ಸ್ ಪ್ರಮೇಯ, ಸರಾಸರಿ, ಸಮಾಂತರ ಶ್ರೇಢಿಯ ಒಂದು ಸೂತ್ರ. ಅವನ್ನು ಅರ್ಥವಾದರೂ ಆಗದಿದ್ದರೂ ದಿನವೂ ಬರೆಸುವುದು. ಉಳಿದ ಪಾಠ ಬಿಟ್ಟುಬಿಡುವುದು. ಬಿಡುವ ಪಾಠಗಳಲ್ಲಿ ಮೊದಲನೆಯದು ತ್ರಿಕೋನಮಿತಿ.

"ಮೇಡಮ್ನೋರೆ, ಸಿ ಗುಂಪಿಗೆ ತ್ರಿಕೋನಮಿತಿ ಬ್ಯಾಡ. ಟೈಮ್ ವೇಸ್ಟು," ಎಂದರು ಕೆಂಪಸಿದ್ದಯ್ಯ. "ಮಗ್ಗಿ ಬರಕಿಲ್ಲ ಅವುಕ್ಕೆ. ಸೈನು ಕಾಸು ಅಂದ್ರೆ ತಲೆ ಕೆಟ್ಟೋಯ್ತವೆ."

"ಕ್ಲಾಸಲ್ಲೇ ಕೂತಿರ್ತಾರಲ್ಲ ಸರ್. ಕಿವಿಗೆ ಬೀಳೋದನ್ನ ಹೇಗೆ ತಪ್ಪಿಸೋದು?"

"ಹಿಂದ್ಗಡೆ ಕೂರ್ಸಿ. ಪ್ರಮೇಯ ಬರೀತಿರ್ಲಿ."

ಶಮೀಮ್ ಆಯಿತು ಎಂದರು. ಅತಿಥಿಗಳಿಗೆ ಬೇರೆ ಏನು ಹೇಳಲು ಬರುತ್ತದೆ?

ಆದರೆ ತ್ರಿಕೋನಮಿತಿ ಅವರ ಪ್ರೀತಿಯ ಪಾಠ. ಬೀಜಗಣಿತವನ್ನು ಅವರು ಚೆನ್ನಾಗಿ ಹೇಳಿಕೊಡುತ್ತಿದ್ದರು; ತ್ರಿಕೋನಮಿತಿ ಹೇಳಿಕೊಡುವಾಗ ಮಾತ್ರ ದನಿಯೇ ಬೇರೆಯಾಗುತ್ತಿತ್ತು. ಮುಟ್ಟಲಾಗದ್ದನ್ನು ಇಲ್ಲಿ ನಿಂತು ಅಳೆಯಬಹುದು ಎಂಬುದು ಅವರಿಗೆ ಕಾಲೇಜಿನಲ್ಲಿ ಮೊದಲ ಸಲ ಅರ್ಥವಾದಾಗ ಆದ ಬೆರಗು ಇನ್ನೂ ಹೋಗಿರಲಿಲ್ಲ. ಅವರು ಸೂತ್ರದಿಂದ ಶುರು ಮಾಡುತ್ತಿರಲಿಲ್ಲ. ಒಂದು ಲಂಬಕೋನ ತ್ರಿಭುಜ ಬರೆಯಿರಿ, ಒಂದು ಕೋನ ಮೂವತ್ತು ಡಿಗ್ರಿ ಇರಲಿ, ಎಷ್ಟು ದೊಡ್ಡದಾದರೂ ಸರಿ, ಎನ್ನುತ್ತಿದ್ದರು. ಆ ಕೋನದ ಎದುರಿನ ಬಾಹು ಅಳೆಯಿರಿ, ವಿಕರ್ಣ ಅಳೆಯಿರಿ, ಭಾಗಿಸಿ. ಯಾರಿಗೆ ಎಷ್ಟು ಬಂತು? ಮುಂದಿನ ಬೆಂಚುಗಳಿಂದ ಅರ್ಧ, ಅರ್ಧ, ಅರ್ಧ ಎಂದು ಕೂಗು ಏಳುತ್ತಿತ್ತು. ಎ ಗುಂಪಿನ ಮಕ್ಕಳು ಟ್ಯೂಷನ್ನಿನಲ್ಲಿ ಮೊದಲೇ ಕಲಿತು ಬಂದಿರುತ್ತಿದ್ದರು. ಅಳೆಯದೆಯೇ ಕೂಗುವವರೂ ಇದ್ದರು.

ಈ ವರ್ಷ ಆ ಪಾಠ ಶುರುವಾದ ದಿನ ಗಂಟೆ ಹೊಡೆದ ಮೇಲೆ ಒಂದು ಹುಡುಗಿ ಹಿಂದಿನಿಂದ ಎದ್ದು ಬಂದಳು. ರಂಜಿತ. ಸಿ ಗುಂಪು. ತಂದೆ ತೀರಿಕೊಂಡಿದ್ದರು, ತಾಯಿ ಬೆಳ್ಳಮ್ಮ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ ಮಾಡುತ್ತಿದ್ದಳು. ಬೆಲ್ಲ ಬೇಯುವ ತಿಂಗಳುಗಳಲ್ಲಿ ರಂಜಿತ ಶಾಲೆಗೆ ಬರುತ್ತಿದ್ದದ್ದೇ ಕಡಿಮೆ. ಬಂದರೂ ಬಾಯಿ ಬಿಟ್ಟವಳಲ್ಲ. ಅವಳ ಕೈಯಲ್ಲಿ ಥೇಲ್ಸ್ ಪ್ರಮೇಯ ಬರೆದ ಹಾಳೆ ಇತ್ತು. ಹಾಳೆಯ ಹಿಂದುಗಡೆ ಎರಡು ತ್ರಿಭುಜ.

"ಮಿಸ್, ಪುಟ್ಟದು ಒಂದು ಬರ್ದೆ, ದೊಡ್ದು ಒಂದು ಬರ್ದೆ. ಎರಡ್ರಲ್ಲೂ ಅರ್ಧನೇ ಬಂತು."

"ಸರಿಯಾಗಿದೆ."

"ನಮ್ಮ ಇಸ್ಕೂಲಷ್ಟು ದೊಡ್ದು ಬರುದ್ರೂ ಅರ್ಧನೇ ಬತ್ತದಾ?"

"ಬರ್ತದೆ."

"ಮಳವಳ್ಳಿಗಂಟ ಬರುದ್ರೂ?"

ಶಮೀಮ್ ನಕ್ಕರು. "ಮಳವಳ್ಳಿ ತನಕ ಎಳೆದರೂ ಅರ್ಧನೇ."

ರಂಜಿತ ಹಾಳೆಯನ್ನು ನೋಡಿದಳು. ಏನನ್ನೋ ಒಳಗೇ ಹೊಂದಿಸಿಕೊಳ್ಳುತ್ತಿರುವಂತೆ ಹುಬ್ಬು ಗಂಟಾಗಿತ್ತು. "ಅಂಗಾದ್ರೆ ಕೋನ ಒಂದು ಗೊತ್ತಿದ್ರೆ ಸಾಕು. ದೂರ ಎಷ್ಟಿದ್ರೂ ಅದು ಹೇಳ್ದಂಗೆ ಕೇಳ್ಬೇಕು," ಎಂದಳು.

ಎ ಗುಂಪಿನ ಯಾವ ಮಗುವೂ ಹೀಗೆ ಹೇಳಿರಲಿಲ್ಲ. ಅವರಿಗೆ ಸೈನ್ ಮೂವತ್ತು ಎಂದರೆ ಕೋಷ್ಟಕದ ಒಂದು ಮನೆಯಲ್ಲಿ ಬರೆದ ಅರ್ಧ. ಇವಳಿಗೆ ಅದು ಜಗತ್ತಿನಲ್ಲಿ ಇರುವ ಒಂದು ಕಟ್ಟುಪಾಡು. ಆ ಸಂಜೆ ಬಸ್ಸಿನಲ್ಲಿ ನಿಂತೇ ಬಂದರೂ ಶಮೀಮ್‌ಗೆ ಕಾಲು ನೋಯಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದರು. ಜಕೀವುಲ್ಲಾ ರೆಕ್ಸಿನ್ ಕತ್ತರಿಸುತ್ತಲೇ ಕೇಳಿಸಿಕೊಂಡು, ಆ ಹುಡುಗಿಯ ಮಾರ್ಕ್ಸ್ ಎಷ್ಟು ಎಂದು ವಿಚಾರಿಸಿದ. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಎಂದರು ಶಮೀಮ್.

ಮಧ್ಯಾಹ್ನದ ಊಟ ಬೇಗ ಮುಗಿಸಿ ರಂಜಿತ ಸ್ಟಾಫ್ ರೂಮಿನ ಬಾಗಿಲಿಗೆ ಬರತೊಡಗಿದಳು. ಒಳಗೆ ಹೇಳಿಕೊಡುವುದು ಸರಿಯಾಗುತ್ತಿರಲಿಲ್ಲ. ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ಅದರ ಅಂಚಿಗೆ ಎಳನೀರಿನ ಸ್ಟ್ರಾ ಅಂಟಿಸಿ ಒಂದು ಸಾಧನ ಮಾಡಿದರು. ಶಾಲೆಯ ಹಿಂದೆ ಪಂಚಾಯಿತಿಯ ನೀರಿನ ಟ್ಯಾಂಕ್ ಇತ್ತು. ಸ್ಟ್ರಾದಲ್ಲಿ ಟ್ಯಾಂಕಿನ ತುದಿ ನೋಡುತ್ತ, ಕೋನ ನಲವತ್ತೈದಾಗುವ ತನಕ ಹಿಂದೆ ಹಿಂದೆ ಹೆಜ್ಜೆಯಿಡಬೇಕು. ರಂಜಿತ ಹಾಗೆ ಹಿಂದೆ ನಡೆದು ಕಬ್ಬಿನ ಗದ್ದೆಯ ಬದುವಿನ ತನಕ ಹೋದಳು. "ಆಯ್ತು ಮಿಸ್, ನಲ್ವತ್ತೈದು!" ಎಂದು ಕೂಗಿದಳು. ಅಲ್ಲಿಂದ ಟ್ಯಾಂಕಿನ ಬುಡಕ್ಕೆ ಎಷ್ಟು ದೂರವೋ ಟ್ಯಾಂಕು ಅಷ್ಟೇ ಎತ್ತರ. ಅದಕ್ಕೆ ನಿನ್ನ ಕಣ್ಣಿನ ಎತ್ತರ ಸೇರಿಸು ಎಂದಾಗ ಅವಳು ನಂಬಲಾರದೆ ಇನ್ನೊಂದು ದಿಕ್ಕಿನಿಂದ ಮತ್ತೊಮ್ಮೆ ಅಳೆದಳು. ಅದೇ ಬಂತು.

ಟ್ಯಾಂಕಿನ ನಿಜವಾದ ಎತ್ತರ ಎಷ್ಟು ಎಂದು ನೀರು ಬಿಡುವವನನ್ನು ಕೇಳಿದರು. "ಎತ್ರ ಕಟ್ಕಂಡು ನಂಗೇನವ್ವ? ನೀರು ತುಂಬುದ್ರೆ ಸಾಕು," ಎಂದ ಅವನು.

ಇದನ್ನು ಓದಿದರೆ ಏನಾಗುತ್ತಾರೆ ಎಂದು ರಂಜಿತ ಒಂದು ದಿನ ಕೇಳಿದಳು. ರಸ್ತೆಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟು ಒಂದೇ ಕಣ್ಣಲ್ಲಿ ನೋಡುತ್ತಾರಲ್ಲ, ಆ ಸರ್ವೆಯವರು ಮಾಡುವುದು ಇದೇ ಲೆಕ್ಕ, ಹತ್ತನೇ ಕ್ಲಾಸಾದ ಮೇಲೆ ಡಿಪ್ಲೊಮಾ ಸೇರಬಹುದು ಎಂದರು ಶಮೀಮ್. "ಹೆಣ್ಮಕ್ಕಳೂ ಓಯ್ತಾರಾ?" "ಹೋಗ್ತಾರೆ." ಅಲ್ಲಿಂದಾಚೆ ಅವಳ ಬಾಯಲ್ಲಿ ಡಿಪ್ಲೊಮಾ ಎಂಬ ಮಾತು ಕೂತುಬಿಟ್ಟಿತು. ಸಿ ಗುಂಪಿನವನೇ ಆದ ಮಹದೇವು ಅವಳನ್ನು 'ಡಿಪ್ಲೊಮಾ' ಎಂದೇ ಕರೆಯತೊಡಗಿದ. ಮಹದೇವು ಜಾಣತನದಿಂದಲೋ ಸೋಮಾರಿತನದಿಂದಲೋ ಹೆಡ್‌ಮೇಷ್ಟ್ರು ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಒಂದೇ ಗ್ರಾಫನ್ನು ದಿನವೂ ಎಳೆದು ಎಳೆದು, ಆ ಎರಡು ಗೆರೆಗಳು ಯಾಕೆ ಸೇರುತ್ತವೆ ಎಂಬುದು ಗೊತ್ತಿಲ್ಲದೆ ಎಲ್ಲಿ ಸೇರುತ್ತವೆ ಎಂಬುದನ್ನು ಬಾಯಿಪಾಠ ಮಾಡಿದ್ದ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಹದೇವು ಪಾಸಾದ. ರಂಜಿತ ಅಂಚಿನಲ್ಲಿ ಜಾರಿದಳು. ಪ್ರಮೇಯದಲ್ಲಿ ಚಿತ್ರ ಸರಿಯಾಗಿ ಬರೆದು ಸಾಧನೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಳು. ಗ್ರಾಫಿನಲ್ಲಿ ಬಿಂದುಗಳನ್ನು ತಪ್ಪು ಗುರುತಿಸಿದ್ದಳು.

ಕೆಂಪಸಿದ್ದಯ್ಯನವರು ಉತ್ತರಪತ್ರಿಕೆ ಹಿಡಿದು ಬಂದರು. "ಮೇಡಮ್ನೋರೆ, ಮಧ್ಯಾನದೊತ್ತು ಆ ಮಗಿಗೆ ನೀವು ಏನೇಳ್ಕೊಡ್ತೀರಿ ಅಂತ ನನ್ಗೆ ಗೊತ್ತಿಲ್ದೇನಿಲ್ಲ. ನಾನು ಬ್ಯಾಡ ಅಂದಿದ್ದು ದ್ವೇಸಕ್ಕಲ್ಲ. ಅದು ದಾಟ್ಕಳ್ಳಿ ಮೊದ್ಲು."

"ಅವಳಿಗೆ ಅರ್ಥ ಆಗ್ತಿದೆ ಸರ್."

"ಅರ್ಥ ಆದ್ರೆ ಮಾರ್ಕ್ಸ್ ಬತ್ತದಾ?"

ಆ ಹುಡುಗಿಯ ಕೊರತೆ ಎಲ್ಲಿದೆ ಎಂಬುದು ಶಮೀಮ್‌ಗೂ ಕಾಣುತ್ತಿತ್ತು. ಕೋನ, ಬಾಹು, ಅನುಪಾತ ಎಲ್ಲ ಅವಳ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತಿದ್ದವು. ಆದರೆ ಭಾಗಾಕಾರದಲ್ಲಿ ಎಡವುತ್ತಿದ್ದಳು. ವರ್ಗಮೂಲ ಎಂದರೆ ಗಾಬರಿಯಾಗುತ್ತಿದ್ದಳು. ಐದನೇ ತರಗತಿಯಿಂದ ಎಂಟರ ತನಕ ಯಾರೂ ಕೂತು ಹೇಳಿಕೊಡದ ಲೆಕ್ಕವೆಲ್ಲ ಒಟ್ಟಾಗಿ ಅವಳ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ಸರಿಪಡಿಸಲು ಒಂದು ವರ್ಷ ಬೇಕು. ಇದ್ದದ್ದು ಒಂದು ತಿಂಗಳು ಚಿಲ್ಲರೆ.

"ಪರೀಕ್ಷೆ ಮುಗಿಯೋ ತನಕ ಇದನ್ನ ಮುಟ್ಟಬೇಡ. ಗ್ರಾಫ್ ಮಾಡು, ಪ್ರಮೇಯ ಬರಿ," ಎಂದು ಮಾರನೆಯ ದಿನ ರಂಜಿತಳಿಗೆ ಹೇಳಿದರು. ಅವಳು ಊಂ ಎಂದಳು. ಎರಡು ದಿನ ಬಿಟ್ಟು ಮತ್ತೆ ಬಾಗಿಲಲ್ಲಿ ನಿಂತಿದ್ದಳು. ಪಠ್ಯಪುಸ್ತಕದಲ್ಲಿ ಎರಡು ಕೋನಗಳ ಲೆಕ್ಕ ಇದೆಯಲ್ಲ, ಒಬ್ಬ ದೂರದಿಂದ ನೋಡಿ ಆಮೇಲೆ ಹತ್ತಿರ ಬಂದು ನೋಡುವುದು, ಅದರ ಚಿತ್ರವನ್ನು ತಾನೇ ಬರೆದುಕೊಂಡು ಬಂದಿದ್ದಳು. ಚಿತ್ರ ಸರಿಯಾಗಿತ್ತು. ಎರಡು ಅನುಪಾತಗಳೂ ಸರಿಯಾಗಿದ್ದವು. "ಇಲ್ಲಿಂದ ಮುಂದುಕ್ಕೆ ಓಗಾಕೆ ಬತ್ತಿಲ್ಲ ಮಿಸ್."

ಹೋಗು, ಗ್ರಾಫ್ ಎಳಿ ಎನ್ನಬೇಕಿತ್ತು. ಪರೀಕ್ಷೆಗೆ ಬರುತ್ತದಾ ಎಂದು ಕೇಳದೆ ಗಣಿತ ಕೇಳಲು ಬಂದ ಮಗು ಅಷ್ಟು ವರ್ಷಗಳಲ್ಲಿ ಅದೊಂದೇ. ಶಮೀಮ್ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಹತ್ತನೇ ತರಗತಿಯ ಪರೀಕ್ಷಾ ಕೇಂದ್ರ ಮಳವಳ್ಳಿಯಲ್ಲಿತ್ತು. ಗಣಿತದ ದಿನ ಶಮೀಮ್‌ಗೆ ಶಾಲೆಯಲ್ಲಿ ಕೆಲಸವಿರಲಿಲ್ಲ. ಮಾರ್ಚ್ ಮುಗಿಯುತ್ತ ಬಂದಿತ್ತು, ಅವರ ಅತಿಥಿತನವೂ. ಆದರೂ ಹೋದರು. ಕೇಂದ್ರದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲವಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದರು. ಮಧ್ಯಾಹ್ನ ಮಕ್ಕಳು ಗುಂಪಾಗಿ ಬಂದವು. ಮಹದೇವು ಕಬ್ಬಿನಹಾಲು ಕುಡಿಯುತ್ತ, "ಗ್ರಾಫು ನಮ್ದೇ ಬಂದಿತ್ತು ಮಿಸ್!" ಎಂದು ಕೈಯೆತ್ತಿದ. ರಂಜಿತ ಓಡುತ್ತಲೇ ಬಂದಳು. ಮುಖ ಕೆಂಪಾಗಿತ್ತು.

"ಮಿಸ್, ಎರಡು ಕೋನುದ್ದು ಬಂದಿತ್ತು! ದೂರ್ದಲ್ಲಿ ಮೂವತ್ತು, ಅತ್ರುಕ್ಕೆ ಬಂದ್ರೆ ಅರವತ್ತು. ಮೊದ್ಲು ಅದ್ನೇ ಮಾಡ್ದೆ."

"ಉತ್ತರ ಬಂತಾ?"

"ಚಿತ್ರ ಬರ್ದೆ. ಟ್ಯಾನ್ ಅರವತ್ತು, ಟ್ಯಾನ್ ಮೂವತ್ತು ಎರಡೂ ಬರ್ದೆ. ಆಮ್ಯಾಕೆ ರೂಟ್ ಮೂರು ಬಂತಲ್ಲ, ಅದ್ಕೆ ಒಂದು ಪಾಯಿಂಟ್ ಏಳು ಮೂರು ಆಕ್ಕಂಡು ಗುಣ್ಸ್‌ದೆ. ಒಂದೊಂದ್ಸಲ ಒಂದೊಂದು ಬತ್ತಿತ್ತು. ಅಳಿಸಿ ಅಳಿಸಿ ಮಾಡ್ದೆ."

ರೂಟ್ ಮೂರನ್ನು ರೂಟ್ ಮೂರರಿಂದ ಗುಣಿಸಿದರೆ ಮೂರು. ಒಂದು ಸಾಲು. ಆಮೇಲೆ ಉತ್ತರ ತಾನಾಗಿ ಉದುರುತ್ತದೆ. ಆ ಒಂದು ಸಾಲಿನ ಬಾಗಿಲು ಕಾಣದೆ ಹುಡುಗಿ ಗೋಡೆ ಅಗೆದಿದ್ದಳು.

"ಗ್ರಾಫು?"

"ಗೆರೆ ಒಂದು ಎಳ್ದಿವ್ನಿ. ಇನ್ನೊಂದ್ಕೆ ಟೈಮ್ ಸಾಲ್ನಿಲ್ಲ."

"ಪ್ರಮೇಯ?"

ಇಲ್ಲವೆಂದು ರಂಜಿತ ತಲೆಯಾಡಿಸಿದಳು. ಆಗಷ್ಟೇ ಅವಳಿಗೆ ಏನೋ ಹೊಳೆಯತೊಡಗಿತ್ತು. ಶಮೀಮ್‌ರ ಮುಖ ನೋಡಿ, "ಪಾಸಾಯ್ತದೆ ಅಲ್ವಾ ಮಿಸ್?" ಎಂದಳು. ಆಗುತ್ತದೆ ಎಂದರು ಶಮೀಮ್. ಬಸ್ಸು ಬಂತು. ಇಡೀ ದಾರಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರೂ ಗಣಿತದ ಮಾತು ಬರಲಿಲ್ಲ.

ಫಲಿತಾಂಶದ ದಿನ ಆ ಶಾಲೆಯ ಹತ್ತನೇ ತರಗತಿಯಲ್ಲಿ ಎಲ್ಲರೂ ಪಾಸಾಗಿದ್ದರು, ರಂಜಿತ ಒಬ್ಬಳನ್ನು ಬಿಟ್ಟು. ಗಣಿತದಲ್ಲಿ ಐದು ಅಂಕ ಕಡಿಮೆ. ಕನ್ನಡದಲ್ಲಿ ಅವಳಿಗೆ ಚೆನ್ನಾಗಿಯೇ ಬಂದಿತ್ತು, ಸಮಾಜದಲ್ಲೂ. ಮಹದೇವು ಗಣಿತದಲ್ಲಿ ನಲವತ್ತು ದಾಟಿದ್ದ.

ಶಮೀಮ್ ಅಂದು ಶಾಲೆಗೆ ಹೋಗುವ ಅಗತ್ಯವಿರಲಿಲ್ಲ. ಹೋದರು. ಆಫೀಸಿನಲ್ಲಿ ಸಿಹಿ ತರಿಸಿಟ್ಟಿದ್ದರು. ಡಬ್ಬದ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಕಾರಿನಲ್ಲಿ ಬರುವ ಮೇಷ್ಟ್ರುಗಳು ಕಿಟಕಿಯಾಚೆ ನೋಡುತ್ತಿದ್ದರು. ಅವರಲ್ಲಿ ಒಬ್ಬರು, ಇವರಿಗೆ ಕೇಳಿಸುವಷ್ಟೇ ಗಟ್ಟಿಯಾಗಿ, "ಬಂದೋಗೋರ್ಗೆ ರಿಸಲ್ಟ್ ಏನಾದ್ರೆ ಏನು?" ಎಂದರು.

ಕೆಂಪಸಿದ್ದಯ್ಯ ಬೈಯಲಿಲ್ಲ. ಬೈದಿದ್ದರೆ ಮಾತಿಗೆ ಮಾತು ಕೊಡಬಹುದಿತ್ತು.

"ಒಂದು ಮಗು ಮೇಡಮ್ನೋರೆ," ಎಂದರು. "ನನ್ ಸರ್ವಿಸ್ನಲ್ಲಿ ಒಂದ್ಸಲ ನೂರಕ್ಕೆ ನೂರು ಅನ್ನಿಸ್ಕಳದಿತ್ತು. ಓಗ್ಲಿ ಬುಡಿ, ನಂದೇನು, ಇವತ್ತಲ್ಲ ನಾಳೆ ಮನೆಗೋಗೋನು. ಆ ಮಗಿನ ಮಕ ನೋಡ್ದ್ರಾ ನೀವು?"

ನೋಡಿರಲಿಲ್ಲ. ನೋಡಲು ರಂಜಿತಳ ಮನೆಗೆ ಹೋದರು.

ಬೆಳ್ಳಮ್ಮ ಆಲೆಮನೆಯಿಂದ ಊಟಕ್ಕೆ ಬಂದವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಬ್ಬಿನ ಸೋಗೆಯ ಗೀರು ಮೊಣಕೈ ತನಕ. ಬನ್ನಿ ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಕೇಳಿದಳು.

"ನಿಮ್ಮನ್ನ ಒಂದ್ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ಎಲ್ಲಾ ಐಕ್ಳಿಗೂ ಪಾಸಾಗಾದ ಏಳ್ಕೊಟ್ರಂತೆ. ನಮ್ಮ ಮಗಿಗೆ ಮಾತ್ರ ಇನ್ನೇನೋ ಏಳ್ಕೊಟ್ರಂತೆ. ಯಾಕವ್ವ?"

"ಅವಳಿಗೆ ತಲೆ ಇದೆ ಬೆಳ್ಳಮ್ಮ. ತುಂಬ ಚೆನ್ನಾಗಿ ಅರ್ಥ ಮಾಡ್ಕೋತಿದ್ಲು."

"ತಲೆ ಅದೆ ಅಂತ ನಂಗೂ ಗೊತ್ತು. ತಲೆ ಇರೋರು ಪೇಲಾಗದು, ಇಲ್ದೋರು ಪಾಸಾಗದು, ಇದ್ಯಾವ ನ್ಯಾಯ? ಆ ಮಾದೇವ ಆಗ್ಲೇ ಬಂದು ಬಾಗ್ಲಲ್ಲಿ ನಿಂತ್ಕಂಡು 'ಡಿಪ್ಲೊಮಾ, ಡಿಪ್ಲೊಮಾ' ಅಂತ ಕೂಗ್ಬುಟ್ಟು ಓದ. ಉಣ್ಣಕ್ಕೂ ಎದ್ದಿಲ್ಲ ಕಣವ್ವ ಇದು."

ಬಾಗಿಲ ಪರದೆಯ ಹಿಂದೆ ರಂಜಿತಳ ಪಾದಗಳು ಕಾಣುತ್ತಿದ್ದವು. ಎರಡನೆಯ ಪರೀಕ್ಷೆ ಇದೆ, ಕೆಲವೇ ವಾರದಲ್ಲಿ ಬರೆಯಬಹುದು, ನಾನೇ ದಿನವೂ ಬಂದು ಹೇಳಿಕೊಡುತ್ತೇನೆ ಎಂದರು ಶಮೀಮ್, ಆ ಪಾದಗಳಿಗೆ ಕೇಳಿಸಲಿ ಎಂದು ದನಿ ಎತ್ತರಿಸಿ. ಪಾದಗಳು ಒಳಕ್ಕೆ ಸರಿದವು.

"ಬ್ಯಾಡ ಬುಡಿ," ಎಂದಳು ಬೆಳ್ಳಮ್ಮ. ಸಿಟ್ಟಿರಲಿಲ್ಲ; ದಣಿವಿತ್ತು. "ಎಡ್‌ಮೇಷ್ಟ್ರೇ ಏಳ್ಕೊಡ್ತೀನಿ ಅಂದವ್ರೆ. ಅವ್ರಿಗೆ ಪಾಸ್ ಮಾಡ್ಸದು ಗೊತ್ತು."

ಕೆಂಪಸಿದ್ದಯ್ಯ ಬೇಸಿಗೆ ರಜೆಯಲ್ಲಿ ದಿನವೂ ಬಂದು ರಂಜಿತಳನ್ನು ಎದುರಿಗೆ ಕೂರಿಸಿಕೊಂಡು ಗ್ರಾಫ್ ಎಳೆಸಿದರು, ಪ್ರಮೇಯ ಬರೆಸಿದರು. ಎರಡನೆಯ ಪರೀಕ್ಷೆಯಲ್ಲಿ ಅವಳು ಪಾಸಾದಳು. ಅವಳ ಉತ್ತರಪತ್ರಿಕೆಯಲ್ಲಿ ತ್ರಿಕೋನಮಿತಿಯ ಒಂದಕ್ಷರವೂ ಇರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಡಿಪ್ಲೊಮಾದ ಅರ್ಜಿಗೆ ಇನ್ನೂ ಅವಕಾಶವಿತ್ತು. ಅವಳು ಹಾಕಲಿಲ್ಲ. ಪಿಯುಸಿಯಲ್ಲಿ ಗಣಿತವಿಲ್ಲದ ವಿಷಯಗಳನ್ನು ಆರಿಸಿಕೊಂಡು ಮಳವಳ್ಳಿಯ ಕಾಲೇಜಿಗೆ ಸೇರಿದಳು.

ಜೂನ್ ಬಂತು. ಶಮೀಮ್ ಫೋನನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದರು. ಶಾಲೆ ಶುರುವಾಗಿ ಎರಡು ವಾರವಾದ ಮೇಲೆ ತಾವೇ ಮಾಡಿದರು. ಕೆಂಪಸಿದ್ದಯ್ಯ ಬಹಳ ಮರ್ಯಾದೆಯಿಂದ ಮಾತಾಡಿದರು. ತೂಬಾಳನ್ನು ವಿಚಾರಿಸಿದರು. ಮದ್ದೂರಿನ ಹುಡುಗನೊಬ್ಬ ಬಂದಿದ್ದಾನೆ, ಹತ್ತಿರದವನು, ಬಸ್ಸು ತಪ್ಪಿದರೂ ಬೈಕಿನಲ್ಲಿ ಬರುತ್ತಾನೆ ಎಂದರು. "ಮೇಲಿನೋರು ಕೇಳ್ತಾರೆ ಮೇಡಮ್ನೋರೆ. ನಾನೇನು ಮಾಡ್ಲಿ ಅಂತೀರಿ?" ಶಮೀಮ್ ಪರವಾಗಿಲ್ಲ ಸರ್ ಎಂದು ಫೋನಿಟ್ಟು, ಒಲೆಯ ಮೇಲಿದ್ದ ಅನ್ನ ಬಸಿದರು. ಜಕೀವುಲ್ಲಾನಿಗೆ ಅದನ್ನು ಹೇಳಿದ್ದು ಮಾರನೆಯ ದಿನ. ಅವನು ಹೊಲಿಗೆ ಯಂತ್ರ ನಿಲ್ಲಿಸಿ, ಬೇರೆಯವರ ಮಕ್ಕಳ ತಲೆಯ ಚಿಂತೆ ನಿನಗೆ ಯಾಕೆ ಬೇಕಿತ್ತು ಎಂದು ಮನೆಯ ಉರ್ದುವಿನಲ್ಲಿ ಮೆಲ್ಲಗೆ ಕೇಳಿ, ಮತ್ತೆ ಯಂತ್ರ ತುಳಿದ.

ಮಳೆಗಾಲ ಮುಗಿಯುವ ಮೊದಲೇ ಮಂಡ್ಯದ ಒಂದು ಟ್ಯುಟೋರಿಯಲ್‌ನವರು ಶಮೀಮ್‌ರನ್ನು ಕರೆದರು. ಹತ್ತನೇ ತರಗತಿಯಲ್ಲಿ ಫೇಲಾದವರಿಗೆ ಮಹಡಿಯ ಮೇಲೆ ನಡೆಸುವ ತರಗತಿ. ಕೆಳಗೆ ಚಪ್ಪಲಿ ಅಂಗಡಿ. ಮೊದಲ ದಿನವೇ ಮಾಲೀಕರು, "ನಮ್ಮಲ್ಲಿ ಪಾಠ ಮಾಡದಿಲ್ಲ ಮೇಡಂ, ಪಾಸ್ ಮಾಡ್ತೀವಿ," ಎಂದು ತಮಾಷೆಯಾಗಿ ಹೇಳಿದರು. ಶಮೀಮ್ ನಗಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕೂತರು. ಯಾವ ಪ್ರಶ್ನೆ ತಪ್ಪದೆ ಬರುತ್ತದೆ, ಯಾವುದಕ್ಕೆ ಅರ್ಧ ಬರೆದರೂ ಅಂಕ ಸಿಗುತ್ತದೆ, ಯಾವುದನ್ನು ಅರ್ಥವಿಲ್ಲದೆಯೂ ಕೈಗೆ ಕಲಿಸಬಹುದು ಎಂದು ಆರಿಸಿದರು. ಗಣಿತ ಬಲ್ಲವರು ಮಾಡಿದ್ದರಿಂದ ಅವರ ಪ್ಯಾಕೇಜು ಹೆಡ್‌ಮೇಷ್ಟ್ರ ಪ್ಯಾಕೇಜಿಗಿಂತ ಚಿಕ್ಕದೂ ಚುರುಕೂ ಆಗಿತ್ತು. ಮುಂದಿನ ಸಲ ಅವರ ತರಗತಿಯಲ್ಲಿ ಕೂತವರೆಲ್ಲ ಪಾಸಾದರು, ಮೂರು ಸಲ ಫೇಲಾಗಿದ್ದ ಒಬ್ಬ ಮದುವೆಯಾದ ಹೆಣ್ಣುಮಗಳೂ ಸೇರಿ. ಆಕೆ ಕಾಲಿಗೆ ಬೀಳಲು ಬಂದಳು. ಶಮೀಮ್ ಹಿಂದೆ ಸರಿದರು.

ಅಲ್ಲಿಂದ ಹೆಸರಾಯಿತು. ಮದ್ದೂರು, ಮಳವಳ್ಳಿ ಕಡೆಗಳಿಂದಲೂ ಫೇಲಾದವರು 'ಶಮೀಮ್ ಮಿಸ್ ಹತ್ರ' ಎಂದು ಕೇಳಿಕೊಂಡು ಬರತೊಡಗಿದರು. ಮಾಲೀಕರು ಗೋಡೆಯ ಮೇಲೆ ಅವರ ಹೆಸರು ಬರೆಸಿದರು. ಕಾಯಂ ಮೇಷ್ಟ್ರುಗಳ ಕಾರು ಅದೇ ಗೋಡೆಯ ಮುಂದೆ ದಿನವೂ ಹಾದುಹೋಗುತ್ತಿತ್ತು. ತೂಬಾ ಒಂಬತ್ತನೇ ತರಗತಿಗೆ ಬಂದಿದ್ದಳು. ಅವಳು ಲೆಕ್ಕ ಕೇಳಿದರೆ ಶಮೀಮ್ ಹೇಳಿಕೊಡುತ್ತಿದ್ದರು, ಆದರೆ ಮೊದಲಿನ ಹಾಗೆ ತಾವಾಗಿ ಪುಸ್ತಕ ತೆಗೆದು ಇದನ್ನು ನೋಡು, ಇದು ಚೆಂದ ಎನ್ನುತ್ತಿರಲಿಲ್ಲ.

ಶಾಲೆ ಬಿಟ್ಟ ಎರಡು ವರ್ಷದ ಮೇಲೆ, ನೆಂಟರ ಮನೆಯ ಮದುವೆ ಮುಗಿಸಿ ಬರುವಾಗ, ಶಮೀಮ್ ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ರಂಜಿತಳನ್ನು ಕಂಡರು. ಮೊದಲು ಗುರುತು ಹಿಡಿದವಳು ಅವಳೇ. ಎತ್ತರವಾಗಿದ್ದಳು. ಕುತ್ತಿಗೆಯಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ ತೂಗುತ್ತಿತ್ತು. ಪಿಯುಸಿ ಮುಗಿಯಿತು, ಡಿಗ್ರಿಗೆ ಹೋಗಲಿಲ್ಲ, ಕೆಲಸಕ್ಕೆ ಸೇರಿದೆ, ಅಮ್ಮ ಆಲೆಮನೆ ಬಿಟ್ಟಿದ್ದಾಳೆ ಎಂದೆಲ್ಲ ಹೇಳಿದಳು. ಸಂಕೋಚವಿಲ್ಲದೆ, ನಗುನಗುತ್ತಲೇ ಮಾತಾಡಿದಳು. ಅದು ಶಮೀಮ್‌ಗೆ ಇನ್ನೂ ಕಷ್ಟವಾಯಿತು.

"ಲೆಕ್ಕ ಏನಾದ್ರೂ ನೆನಪಿದೆಯಾ?" ಎಂದು ಕೇಳಬಾರದೆಂದುಕೊಂಡೇ ಕೇಳಿದರು.

"ಎಲ್ಲಾ ಮರ್ತೋಯ್ತು ಮಿಸ್," ಎಂದಳು ರಂಜಿತ. "ಅದೇನೋ ಥೀಟಾ ಅಂತಿದ್ರಿ ಅಲ್ವಾ?"

ಮಂಡ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು. ರಂಜಿತ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು. ಏನೋ ಕೇಳಬೇಕಿತ್ತು ಅವಳಿಗೆ.

"ಮಿಸ್, ನಮ್ಮ ಚಿಕ್ಕಮ್ಮನ ಮಗ್ಳು ಈ ಸಲ ಮ್ಯಾತ್ಸಲ್ಲಿ ಪೇಲಾಗವ್ಳೆ. ನೀವು ಮಂಡ್ಯದಲ್ಲಿ ಪಾಸ್ ಮಾಡ್ಸ್ತೀರಂತೆ. ಎಲ್ರೂ ಏಳ್ತಾರೆ. ಕಳಿಸ್ಲಾ?"

"ಕಳಿಸು."

"ಅವ್ಳೂ ಸುಮ್ನಿರಕಿಲ್ಲ ಮಿಸ್. ಅದ್ಯಾಕೆ, ಇದ್ಯಾಕೆ ಅಂತಾಳೆ." ರಂಜಿತಳ ಮುಖದಲ್ಲಿ ನಗು ಹಾಗೇ ಇತ್ತು. "ಏನೇ ಕೇಳುದ್ರೂ ಏಳ್ಕೊಡಾಕೆ ಓಗ್ಬ್ಯಾಡಿ. ನಂಗೆ ಮಾಡ್ದಂಗೆ ಅವ್ಳಿಗೆ ಮಾಡ್ಬ್ಯಾಡಿ ಮಿಸ್. ಪಾಸ್ ಮಾಡ್ಸಿ, ಸಾಕು."

ಶಮೀಮ್ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ಟ್ಯುಟೋರಿಯಲ್ ಎಲ್ಲಿದೆ ಎಂದು ಗುರುತು ಹೇಳಿದರು. ಚಪ್ಪಲಿ ಅಂಗಡಿಯ ಮೇಲೆ, ಪಕ್ಕದಲ್ಲೇ ಮೆಟ್ಟಿಲು. ಸೋಮವಾರ ಬೆಳಿಗ್ಗೆ ಬರಲಿ, ಪಠ್ಯಪುಸ್ತಕ ತರುವುದು ಬೇಡ, ಗ್ರಾಫ್ ಹಾಳೆ ಮಾತ್ರ ತಂದರೆ ಸಾಕು ಎಂದರು.

"ಆಯ್ತು ಮಿಸ್, ಬತ್ತೀನಿ," ಎಂದು ರಂಜಿತ ಬಂದ ಬಸ್ಸಿನ ಕಡೆಗೆ ಓಡಿದಳು. ಕಿಟಕಿಯಿಂದ ಕೈಯಾಡಿಸಿದಳು. ಶಮೀಮ್ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತರು. ಮಂಡ್ಯದ ಒಂದು ಬಸ್ಸು ಬಂದು ಹೋಯಿತು, ಅವರು ಏಳಲಿಲ್ಲ; ಅದರ ಹಿಂದಿನದಕ್ಕೆ ಹತ್ತಿದರು.